ಹಿಮದ ಮೇಲಿನ ಚುಕ್ಕೆಗಳು

ಬುರುಲ್ ಎಜೆಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಬಿಷ್ಕೆಕ್‌ನ ನಮ್ಮ ಹಿಮನದಿ ಸಂಸ್ಥೆಯ ನೆಲಮಾಳಿಗೆಯಲ್ಲಿ ಫಿಲ್ಮ್ ಡಬ್ಬಿಗಳನ್ನು ಕಾಯುವವರು ಅವರು, ಎಲ್ಲರಿಗೂ ಎಜೆ, ಅಂದರೆ ಅಕ್ಕ. ಮೂರನೇ ಮಹಡಿಯಲ್ಲಿ ಕೂತು ಆ ಫಿಲ್ಮನ್ನು ಸ್ಕ್ಯಾನ್ ಮಾಡಿ ಡಿಸ್ಕಿಗೆ ತುಂಬುವವನು ನಾನು, ನುರ್ಗಾಜಿ. ನಲವತ್ತು ವರ್ಷ, ಪ್ರತಿ ಸೆಪ್ಟೆಂಬರ್, ಒಂದೇ ಬಂಡೆಯ ಮೇಲೆ ನಿಂತು ತೆಗೆದ ಒಂದೇ ಹಿಮನದಿಯ ಚಿತ್ರಗಳು. ಅಷ್ಟೂ ಈಗ ಅಂಗೈಯಗಲದ ಡಿಸ್ಕಿನಲ್ಲಿದ್ದವು. ಇನ್ನು ಡಬ್ಬಿಗಳನ್ನು ಸುಡುವುದಷ್ಟೇ ಬಾಕಿ. ಅದಕ್ಕೆ ಮೂರು ಸಹಿ ಬೇಕು. ಎರಡು ಬಿದ್ದಿದ್ದವು. ಮೂರನೆಯದು, ಸ್ಕ್ಯಾನ್ ಮೂಲಕ್ಕೆ ಸಮ ಎಂದು ಹೇಳುವ ನನ್ನ ಸಹಿ.

ಆ ದಿನ ಬೆಳಿಗ್ಗೆ ಸುಡಬೇಕಾದ ಡಬ್ಬಿಗಳ ಪಟ್ಟಿ ಹಿಡಿದು ಕೆಳಗಿಳಿದೆ.

“ಬಂದ್ಯಾ ಸುಡುಗಾಡು ಕಾಯೋನೇ,” ಎಂದರು ಎಜೆ.

“ನಿಮ್ಮ ಡಬ್ಬಿ ಇನ್ನೆಷ್ಟು ವರ್ಷ ಬಾಳತ್ತೆ ಎಜೆ? ನನ್ನ ಡಿಸ್ಕಿಗೆ ನಾಲ್ಕು ಪ್ರತಿ ಇದೆ. ಒಂದು ಹೋದ್ರೆ ಇನ್ನೊಂದು.”

“ನಿನ್ನ ಮದುವೆ ಫೋಟೋ ಪೂರ್ತಿ ಫೋನ್ ಜೊತೆ ಹೋಯ್ತಲ್ಲ, ಅದಕ್ಕೆಷ್ಟು ಪ್ರತಿ ಇತ್ತು? ಹೆಂಡ್ತಿಯಾದ್ರೂ ಉಳಿದಿದಾಳಾ?”

ನಾನು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಮೂಗಿಗೆ ಹುಳಿ ಬಡಿಯಿತು. “ವಿನೆಗರ್ ವಾಸನೆ ಎಲ್ಲಿಂದ?”

“ನನ್ನ ಊಟದ್ದು. ಗಜ್ಜರಿ ಸಲಾಡ್.”

ಗಂಟೆ ಒಂಬತ್ತು. ಊಟದ ಡಬ್ಬಿ ಎಲ್ಲೂ ಕಾಣಲಿಲ್ಲ. ಹಳೆಯ ಫಿಲ್ಮ್ ಕೊಳೆಯತೊಡಗಿದರೆ ಇದೇ ವಾಸನೆ ಬರುತ್ತದೆ, ಒಂದು ಡಬ್ಬಿಯ ರೋಗ ಪಕ್ಕದ ಡಬ್ಬಿಗೂ ಅಂಟುತ್ತದೆ. ನಿರ್ದೇಶಕರಿಗೆ ಹೇಳಲು ಒಳ್ಳೆಯ ಮಾತು ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿದೆ.

ಎಜೆ ಬೆಳಕಿನ ಮೇಜಿನ ಮೇಲೆ ಒಂದು ಫಿಲ್ಮ್ ಇಟ್ಟು ಭೂತಗನ್ನಡಿ ಚಾಚಿದರು. “ಕಂಬ ಎಣಿಸು.”

ಹಿಮ ಎಷ್ಟು ಕರಗಿತು ಎಂದು ಅಳೆಯಲು ಮಂಜುಗಡ್ಡೆಗೆ ನೆಟ್ಟ ಕಂಬಗಳವು. ಚಿತ್ರದಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು.

“ಹನ್ನೊಂದು,” ಎಂದೆ.

“ಈಗ ನಿನ್ನ ಪೆಟ್ಟಿಗೇಲಿ ಎಣಿಸು.”

ಲ್ಯಾಪ್‌ಟಾಪ್ ತೆರೆದೆ. ಅದೇ ವರ್ಷ, ಅದೇ ಚಿತ್ರ. ನಾಲ್ಕು. ಮುಂದಿನ ವರ್ಷದ್ದು ನೋಡಿದೆ. ಫಿಲ್ಮಿನಲ್ಲಿ ಒಂಬತ್ತು, ನನ್ನದರಲ್ಲಿ ಒಂದೂ ಇಲ್ಲ. ಹಿಮ ಈಗಷ್ಟೇ ಒಗೆದು ಹರವಿದ ಬಟ್ಟೆಯಂತಿತ್ತು.

ಸ್ಕ್ಯಾನರಿನ ಸೆಟ್ಟಿಂಗ್ ತೆರೆದು ನೋಡಿದೆ. ಸ್ಕ್ಯಾನ್ ಮಾಡುವಾಗ ಧೂಳಿನ ಚುಕ್ಕೆಗಳನ್ನು ಅಳಿಸುವ ಸೌಲಭ್ಯವನ್ನು ಮೊದಲ ದಿನವೇ ಚಾಲೂ ಮಾಡಿದ್ದೆ. ಚಿತ್ರಗಳು ಎಷ್ಟು ಚೆನ್ನಾಗಿವೆ ಎಂದು ನಿರ್ದೇಶಕರು ಹೊಗಳಿದ್ದರು. ಆ ಯಂತ್ರಕ್ಕೆ ಕಂಬ ಯಾವುದು, ಧೂಳು ಯಾವುದು ಎಂದು ಹೇಗೆ ಗೊತ್ತಾಗಬೇಕು?

“ಕ್ಷೌರ ಚೆನ್ನಾಗ್ ಮಾಡಿದೀಯ,” ಎಂದರು ಎಜೆ. “ಗಡ್ಡದ ಜೊತೆ ಮೂಗೂ ಹೋಗಿದೆ.”

“ಯಾವಾಗಿಂದ ಗೊತ್ತು ನಿಮಗೆ?”

“ಮಾರ್ಚಿಂದ.”

“ಹೇಳೋದಲ್ವಾ?”

“ಹೇಳಿದ್ರೆ ಸರಿ ಮಾಡ್ಕೊಂಡು ಸುಡ್ತಿದ್ರಿ. ನೀನು ಪೆನ್ ಹಿಡ್ಕೊಂಡು ಬರೋ ದಿನಕ್ಕೆ ಕಾಯ್ತಿದ್ದೆ.”

ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ನಿರ್ದೇಶಕ ಕಳಿಬೆಕ್ ಕಾಗದ ಹಿಡಿದು ಬಂದರು. “ಹಾಕಪ್ಪ ಸಹಿ. ಲಾರಿ ಬಂದು ನಿಂತಿದೆ.”

ಸಹಿ ಹಾಕಿದ್ದರೆ ನನ್ನ ತಪ್ಪೂ ಫಿಲ್ಮಿನ ಜೊತೆಗೇ ಸುಟ್ಟುಹೋಗುತ್ತಿತ್ತು. ಎಜೆಯ ಗೊಣಗಾಟ ಆ ಕಟ್ಟಡದಲ್ಲಿ ಯಾರಿಗೂ ಹೊಸದಲ್ಲ. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.

“ಸಮ ಇಲ್ಲ ಬಾಯ್ಕೆ,” ಎಂದೆ; ಹಿರಿಯರನ್ನು ನಾವು ಅಣ್ಣ ಎಂದು ಕರೆಯುವುದು ಹಾಗೆ. “ಕಂಬಗಳು ಅಳಿಸಿಹೋಗಿವೆ. ತಪ್ಪು ನಂದು.”

“ಎಷ್ಟರಲ್ಲಿ?”

“ಎಲ್ಲದರಲ್ಲೂ.”

ಎಜೆ ನಕ್ಕರು. ಆ ನಗು ನನ್ನ ಮೈಯೆಲ್ಲ ಉರಿಸಿತು. ಆದರೆ ನಾನು ಮುಂದಿನ ಮಾತನ್ನು ಬರೀ ಸೇಡಿಗೆ ಆಡಿದ್ದಲ್ಲ.

“ಇನ್ನೊಂದು ವಿಷ್ಯ. ಫಿಲ್ಮ್ ಕೊಳೀತಿದೆ. ಇವರು ಮುಚ್ಚಿಟ್ಟಿದಾರೆ. ಕೆಟ್ಟ ಡಬ್ಬಿಗಳನ್ನ ಬೇರೆ ಮಾಡಿ ತಣ್ಣಗಿಡ್ಬೇಕು, ಬೇಗ ಮತ್ತೆ ಸ್ಕ್ಯಾನ್ ಮಾಡ್ಬೇಕು. ಇಲ್ದಿದ್ರೆ ಎರಡೂ ಇರಲ್ಲ.”

ಎಜೆಯ ನಗು ನಿಂತುಹೋಯಿತು.

ಕಳಿಬೆಕ್ ನಮ್ಮಿಬ್ಬರನ್ನೂ ದಿಟ್ಟಿಸಿದರು. “ಇವನ ಡಿಸ್ಕೂ ಕೆಟ್ಟಿದೆ, ನಿಮ್ಮ ಫಿಲ್ಮೂ ಕೆಟ್ಟಿದೆ. ನಾನೀಗ ಯಾರನ್ನ ಸುಡ್ಲಿ?” ಕಾಗದ ಮಡಚಿ ಜೇಬಿಗೆ ತುರುಕಿಕೊಂಡರು. “ಹೊಸ ವರ್ಷದೊಳಗೆ ಇಬ್ರೂ ಕೂತು ಮುಗಿಸಿ. ಇಲ್ಲಾಂದ್ರೆ ಸಹಿ ಹಾಕೋಕೆ ಬೇರೆಯವನು ಸಿಗ್ತಾನೆ. ನಿನ್ನ ತಪ್ಪನ್ನ ಬರೆದು ಸಂಜೆಯೊಳಗೆ ನನ್ನ ಮೇಜಿಗೆ ತಂದಿಡು.”

ಅವರು ಹತ್ತಿಹೋದರು. ಹೊರಗೆ ಖಾಲಿ ಲಾರಿ ಹೊರಟ ಸದ್ದು ಕೇಳಿಸಿತು.

“ದ್ರೋಹಿ,” ಎಂದರು ಎಜೆ.

“ಮಾರ್ಚಿಂದ ಬಾಯಿ ಮುಚ್ಕೊಂಡಿದ್ದೋರು ಯಾರು?”

ಎಜೆ ಮಂಡಿಯೂರಿ, ಕಪಾಟಿನ ಹಿಂದೆ ಬಟ್ಟೆ ಸುತ್ತಿಟ್ಟಿದ್ದ ಹದಿನೇಳು ಡಬ್ಬಿಗಳನ್ನು ಒಂದೊಂದಾಗಿ ಎಳೆದರು. ಕಣ್ಣು ಉರಿಯುವಷ್ಟು ವಾಸನೆ.

“ಇವು ಈ ಚಳಿಗಾಲ ದಾಟಲ್ಲ. ಮೊದ್ಲು ಇವೇ. ಕೈ ತೊಳ್ಕೊಂಡು ಬಾ.”

“ತೊಳ್ದಿದೀನಿ.”

“ನನ್ನ ಕಣ್ಣೆದುರಿಗೆ ತೊಳಿ.”