ಹೆಲ್ಮೆಟ್ ಗಟ್ಟಿಯಾದಷ್ಟೂ

ಪೆನ್ಸಿಲ್ವೇನಿಯಾದ ಆ ಉಕ್ಕಿನ ಊರಿನಲ್ಲಿ ಶುಕ್ರವಾರವೆಂದರೆ ಐದು ಗಂಟೆಗೇ ಊಟ; ಏಳಕ್ಕೆ ಊರಿಗೆ ಊರೇ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿರಬೇಕು. ಎಪ್ಪತ್ತೈದನೆಯ ಇಸವಿಯ ಆ ಶುಕ್ರವಾರ ಮೈಲೋ ವುಕೊವಿಚ್‌ನ ಮಗ ಡೆನ್ನಿ ತಟ್ಟೆ ಮುಟ್ಟಿರಲಿಲ್ಲ.

"ತಲೆ ಇನ್ನೂ ಸಿಡೀತಿದೆಯೇನೋ?" ಎಂದ ತಾತ ಆಂಟನ್.

"ಸ್ವಲ್ಪ ತಾತ. ಬುಧವಾರದ ಪ್ರಾಕ್ಟೀಸಿನಿಂದ."

"ಆಟಕ್ಕಿಳಿದ್ರೆ ತಾನಾಗೇ ಹೋಗುತ್ತೆ," ಎಂದ ಮೈಲೋ. "ಯೂನಿವರ್ಸಿಟಿಯವರು ಇವತ್ತು ಇವನನ್ನೇ ನೋಡೋಕೆ ಬರ್ತಿದ್ದಾರೆ. ತಮ್ಮ ತಂಡಕ್ಕೆ ಆರಿಸ್ಕೊಂಡು ಪುಕ್ಕಟೆ ಓದಿಸಿದ್ರೆ ಇವನೊಬ್ಬನಾದ್ರೂ ಕುಲುಮೆ ಮುಂದೆ ಬೇಯೋದು ತಪ್ಪುತ್ತೆ."

ಮುದುಕ ಮೇಜಿನ ಮೇಲಿದ್ದ ಹೊಸ ಹೆಲ್ಮೆಟ್ಟನ್ನು ತಟ್ಟಿ ಮೈಲೋನ ಕಡೆ ತಿರುಗಿದ. "ನಮ್ಮ ಕಾಲದಲ್ಲಿ ಬರೀ ಚರ್ಮದ ಟೋಪಿ. ತಲೆ ಕೊಟ್ರೆ ತಲೆ ಹೋಯ್ತು ಅಂತ ಭಯ ಇತ್ತು, ಹೆಗಲು ಕೊಟ್ಟು ಕೆಡವ್ತಿದ್ವಿ. ನಿನ್ನ ಕಾಲಕ್ಕೆ ಪ್ಲಾಸ್ಟಿಕ್ ಬಂತು, ಭಯ ಹೋಯ್ತು, ಜೊತೆಗೆ ನಿನ್ನ ಮುಂದಿನ ಹಲ್ಲೂ ಹೋದ್ವು. ಈಗ ಮುಖಕ್ಕೂ ಕಂಬಿ ಕಟ್ಟಿದಾರೆ. ಇನ್ನೇನು, ತಲೇನೇ ಸುತ್ತಿಗೆ!"

"ಶುರುವಾಯ್ತಪ್ಪ ಪುರಾಣ!" ಎಂದ ಮೈಲೋ. "ಇದ್ರೊಳಗೆ ಇಟ್ರೆ ಮೊಟ್ಟೇನೂ ಒಡೆಯಲ್ಲ ಅಂದಿದಾನೆ ಕೋಚ್."

"ಅವನ ಮೊಟ್ಟೆ ಇಟ್ಟು ನೋಡ್ಲಿ," ಎಂದು ಗೊಣಗಿದ ಮುದುಕ.

ಮೈದಾನದಲ್ಲಿ ಚೆಂಡು ಹಿಡಿದು ಓಡುವವನನ್ನು ಕೆಡವುವುದು ಡೆನ್ನಿಯ ಕೆಲಸ. "ತಲೆ ತಗ್ಗಿಸಿ ನುಗ್ಗೋ!" ಎಂದು ಕೋಚ್ ಹಾಲೊರನ್ ಅರಚುತ್ತಿದ್ದ. ಡೆನ್ನಿ ನುಗ್ಗಿದ. ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿದ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಜನ ಎದ್ದು ನಿಂತು ಕೇಕೆ ಹಾಕಿದರು. ಮೈಲೋ ಸಿಳ್ಳೆ ಹೊಡೆದ.

ಡೆನ್ನಿ ತಡವಾಗಿ ಎದ್ದು, ನಡೆದುಹೋಗಿ ಎದುರು ತಂಡದವರ ಬೆಂಚಿನ ಮೇಲೆ ಕೂತುಬಿಟ್ಟ. ಜನ ಗೊಳ್ಳೆಂದು ನಕ್ಕರು. ಮೈಲೋನೂ ನಕ್ಕ. ಹುಡುಗ ಏಳಲೇ ಇಲ್ಲ. ಮೈಲೋ ಗ್ಯಾಲರಿಯ ಮೆಟ್ಟಿಲಿಳಿದು ಓಡಿದ.

ಅಷ್ಟರಲ್ಲಿ ಡೆನ್ನಿಯನ್ನು ಈಚೆ ಕರೆತಂದು, ಮಂಪರು ಬಿಡಿಸುವ ಘಾಟು ಔಷಧದ ಸೀಸೆ ಮೂಗಿಗೆ ಹಿಡಿದಿದ್ದರು. ಹಾಲೊರನ್ ಬೆರಳು ತೋರಿಸಿದ. "ಎಷ್ಟು?"

"ಎರಡು."

"ಭೇಷ್! ನಡಿ ಒಳಗೆ."

ಹಾಲೊರನ್ ಯಾವತ್ತೂ ಎರಡೇ ಬೆರಳು ತೋರಿಸುವುದು. ತಂಡದ ಹುಡುಗರಿಗೆಲ್ಲ ಅದು ಬಾಯಿಪಾಠ. ಮೈಲೋನ ಕೋಚೂ ಹಾಗೆಯೇ ಮಾಡುತ್ತಿದ್ದ.

ಮೈಲೋ ಮಗನ ಮುಂದೆ ನಾಲ್ಕು ಬೆರಳು ಹಿಡಿದ. "ಇದೆಷ್ಟು ಮಗಾ?"

ಡೆನ್ನಿ ಅಪ್ಪನ ಮುಖ ನೋಡಿದ. "ಎರಡು, ಕೋಚ್."

ಮೈಲೋ ಮಗನ ಗಲ್ಲದ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದ.

"ತಲೆ ಕೆಟ್ಟಿದೆಯಾ? ಯೂನಿವರ್ಸಿಟಿಯವರು ನೋಡ್ತಿದ್ದಾರೆ! ಹುಡುಗನ ಬಾಳು ಹಾಳು ಮಾಡ್ತಿದೀಯ!" ಹಾಲೊರನ್ ಹಲ್ಲು ಕಡಿದ.

"ಮಾಡ್ತಿದ್ದೆ. ಸಾಕು."

"ಥೂ, ಹೇಡಿ!" ಎಂದು ಜನ ಕೂಗಿದರು. ದಿನವೂ ಕಾರ್ಖಾನೆಯಲ್ಲಿ ಜೊತೆಗೆ ಕೂತು ಉಣ್ಣುವವರೇ. ಯೂನಿವರ್ಸಿಟಿಯವರು ಎದ್ದು ಹೊರಟರು. ಹಾಲೊರನ್ ಬೇರೊಬ್ಬ ಹುಡುಗನ ಬೆನ್ನು ತಟ್ಟಿ, "ತಲೆ ತಗ್ಗಿಸಿ ನುಗ್ಗು!" ಎಂದು ಒಳಗಟ್ಟಿದ.

ಮೇಲೆ ಆ ಹುಡುಗನ ಅಪ್ಪ, ಆಗ ಮೈಲೋ ಹೊಡೆದಂತೆಯೇ, ಎದ್ದು ನಿಂತು ಸಿಳ್ಳೆ ಹೊಡೆಯುತ್ತಿದ್ದ. ಮೈಲೋ ಮಗನ ಕೈಯನ್ನು, ಹಿಂದೆಯೇ ಇಳಿದು ಬಂದಿದ್ದ ಮುದುಕನ ಕೈಗಿತ್ತು, ಬೈಗುಳಗಳ ನಡುವೆಯೇ ಮೆಟ್ಟಿಲು ಹತ್ತಿ ಆ ಮನುಷ್ಯನ ಕಡೆಗೆ ನಡೆದ.