ಗಾಜು ಎತ್ತುವ ಭಾಷೆ

ಅಜ್ಜಿ ಬರುವ ದಿನ ಬೆಳಗ್ಗೆಯಿಂದಲೇ ಕಿಡಿಯ ಕೋಪ ಮೂಗಿನ ತುದಿಯಲ್ಲಿ ಕುಳಿತಿತ್ತು. ಕಿಡಿ ಅವಳ ಹೆಸರಲ್ಲ. ಅಪ್ಪನ ಗಾಜಿನಂಗಡಿಗೆ ಬರುವ ಗಿರಾಕಿಗಳು ಇಟ್ಟ ಅಡ್ಡಹೆಸರು. ತಪ್ಪು ಅಳತೆ ಕೊಟ್ಟು ಆಮೇಲೆ ಗಾಜಿನ ಮೇಲೆ ಗೂಬೆ ಕೂರಿಸುವವರನ್ನು ಅವಳು ಸುಮ್ಮನೆ ಬಿಟ್ಟವಳಲ್ಲ. ಇಪ್ಪತ್ತೆರಡು ವರ್ಷ, ಅದರಲ್ಲಿ ಆರು ವರ್ಷ ಅಪ್ಪನ ಜೊತೆ ಗಾಜು ಕೊಯ್ದ ಕೈ.

ಅಜ್ಜಿ ಎಂದರೆ ಅಪ್ಪನ ತಾಯಿ. ಅಪ್ಪನದು ಬೇರೆ ಭಾಷೆ, ಅಮ್ಮನದು ಕನ್ನಡ. ಮದುವೆಯಾದ ಹೊಸದರಲ್ಲಿ ಮನೆಯಲ್ಲಿ ಎರಡೂ ಇದ್ದವಂತೆ. ಆದರೆ ಅಮ್ಮ ಬಾಯಿಬಡುಕಿ, ಅಪ್ಪ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕುಸ್ತಿಯೇ ನಡೆಯದೆ ಕನ್ನಡ ಗೆದ್ದುಬಿಟ್ಟಿತು. ಮಗಳು ಕನ್ನಡದಲ್ಲೇ ಅತ್ತಳು, ಕನ್ನಡದಲ್ಲೇ ಬೈದಳು. ಈಗ ಅಪ್ಪನ ಕಡೆಯವರೆಲ್ಲ, "ಅಯ್ಯೋ, ನಮ್ಮ ಮಾತೇ ಬರಲ್ವಾ?" ಎಂದು ಅವಳನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದರು. ಕಲಿಸದವರನ್ನು ಬಿಟ್ಟು ಕಲಿಯದವಳನ್ನು ಹಿಡಿಯುವುದು ಯಾವ ಸೀಮೆಯ ನ್ಯಾಯ?

ಅದೂ ಸಾಲದೆಂಬಂತೆ ಅಜ್ಜಿ ಫೋನಿನಲ್ಲಿ ಒಂದು ಮಾತು ಹೇಳಿದ್ದಳು. ನಲವತ್ತು ವರ್ಷ ತಾನು ಗಾಜು ಕೊಯ್ದ ಕಟರನ್ನು ತರುತ್ತಾಳಂತೆ. ತನ್ನ ಭಾಷೆಯಲ್ಲಿ ತನಗೆ ಉತ್ತರ ಕೊಡುವ ಮೊಮ್ಮಗುವಿಗೆ ಅದು. ಅಜ್ಜಿಗೆ ಮೊಮ್ಮಕ್ಕಳು ಇಬ್ಬರೇ. ಇನ್ನೊಬ್ಬ ದೊಡ್ಡಪ್ಪನ ಮಗ. ಆ ಭಾಷೆಯನ್ನು ಅರಳು ಹುರಿದಂತೆ ಮಾತಾಡುತ್ತಾನೆ, ವಿಮೆ ಮಾರುತ್ತಾನೆ. ಕನ್ನಡವೂ ಬರುತ್ತದೆ, ಕುಟುಕಲು ಸಾಕಾಗುವಷ್ಟು. ಕಿಡಿ ಅವನನ್ನು ಪಂಡಿತ ಎಂದೇ ಕರೆಯುವುದು.

"ಅವನಿಗ್ಯಾಕಮ್ಮಾ ಕಟರು? ಬೆನ್ನು ತುರಿಸ್ಕೊಳ್ಳೋಕಾ?"

"ಸುಮ್ನಿರೇ. ಅಜ್ಜಿ ಬಂದಾಗ ಎರಡು ಮಾತಾಡು, ಸಾಕು," ಎಂದಳು ಅಮ್ಮ.

"ಯಾವ ಎರಡು? ನಂಗೆ ಬರೋದು ಎತ್ತು, ಇಳಿಸು, ಕೈ ತೆಗಿ. ದೂರದಿಂದ ಬಂದ ಹಿರಿಯರಿಗೆ ಕೈ ತೆಗಿ ಅನ್ಲಾ?"

ಅವಳು ಹೇಳಿದ್ದು ನಿಜ. ದೊಡ್ಡ ಗಾಜು ಎತ್ತುವಾಗ ಮಾತ್ರ ಅಪ್ಪ ತನಗೇ ಗೊತ್ತಿಲ್ಲದೆ ತನ್ನ ಭಾಷೆಗೆ ಹೊರಳುತ್ತಿದ್ದ. ಎರಡು ತುದಿಯಲ್ಲಿ ಇಬ್ಬರು, ನಡುವೆ ಗಾಜು. ಪದ ಹುಡುಕುತ್ತ ಕೂರಲು ಗಾಜು ಕಾಯುವುದಿಲ್ಲ. ಹಾಗೆ ಕಿಡಿಗೆ ದಕ್ಕಿದ್ದು ಇಪ್ಪತ್ತೇ ಪದ. ಎಲ್ಲವೂ ಹುಕುಂ. ಒಂದರಲ್ಲೂ ಮರ್ಯಾದೆ ಇಲ್ಲ.

ಅಜ್ಜಿ ಮನೆಗೂ ಹೋಗದೆ ನೇರ ಅಂಗಡಿಗೇ ಬಂದಳು, ಹಿಂದೆ ಚೀಲ ಹೊತ್ತ ಪಂಡಿತ. ಗಿಡ್ಡ ಹೆಂಗಸು, ಬೆರಳ ತುಂಬ ಹಳೆಯ ಗಾಯದ ಗೆರೆಗಳು. ಕಿಡಿಯ ಗಲ್ಲ ಹಿಡಿದು ಏನೋ ಕೇಳಿದಳು. ಕಿಡಿ ಹಲ್ಲು ಕಿರಿದಳು. ಅಜ್ಜಿ ಮತ್ತೆ ಕೇಳಿದಳು. ಕಿಡಿ ಇನ್ನಷ್ಟು ಕಿರಿದಳು.

"ಹಲ್ಲು ತೋರ್ಸು ಅನ್ಲಿಲ್ಲ, ಹೇಗಿದ್ದೀಯ ಅಂದ್ರು," ಎಂದ ಪಂಡಿತ. ಅವಳ ಪರವಾಗಿ ಉತ್ತರವನ್ನೂ ತಾನೇ ಕೊಟ್ಟ.

ಅಜ್ಜಿ ಕೈಯಲ್ಲಿ ಹಿಡಿದಿದ್ದ ಚರ್ಮದ ಸಣ್ಣ ಚೀಲವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಟರು ಅದರಲ್ಲೇ ಇತ್ತು.

ಅಷ್ಟರಲ್ಲಿ ಕ್ಷೌರದಂಗಡಿಯವನು ತನ್ನ ಆರಡಿ ಕನ್ನಡಿ ಒಯ್ಯಲು ಬಂದು ಬಾಗಿಲಲ್ಲಿ ಗಾಡಿ ನಿಲ್ಲಿಸಿದ. ಅಪ್ಪ ಒಂದು ತುದಿ ಹಿಡಿದ. "ನಾನಿದ್ದೀನಲ್ಲ ಚಿಕ್ಕಪ್ಪ!" ಎಂದು ಪಂಡಿತ ಇನ್ನೊಂದು ತುದಿಗೆ ಹಾರಿದ. ಬಾಗಿಲ ಹತ್ತಿರ ಬಂದವನೇ, ದಾಟಿಸುವುದು ಸುಲಭವಾಗಲಿ ಎಂದು ಕನ್ನಡಿಯನ್ನು ಮೇಜಿನ ಹಲಗೆಯಂತೆ ಅಡ್ಡ ಮಲಗಿಸತೊಡಗಿದ. ಗಾಜನ್ನು ನಿಲ್ಲಿಸಿಯೇ ಹೊರಬೇಕು. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ನಡು ಮುರಿದುಕೊಳ್ಳುತ್ತದೆ. ಕನ್ನಡಿಯ ಹೊಟ್ಟೆ ಆಗಲೇ ಜೋತುಬಿತ್ತು.

"ನಿಲ್ಸು! ಮಲಗಿಸ್ಬೇಡ! ಅಂಚು ಮೇಲೆ!" ಕಿಡಿ ಕಿರುಚಿದ್ದು ಅಪ್ಪನ ಭಾಷೆಯಲ್ಲಿ. ಒಂದೇ ನೆಗೆತಕ್ಕೆ ಹೋಗಿ ತುದಿ ಹಿಡಿದು ಎತ್ತಿದಳು. "ನೀನು ಕೈ ತೆಗಿ!"

ಪಂಡಿತ ಬೆಂಕಿ ಮುಟ್ಟಿದವನಂತೆ ಕೈ ತೆಗೆದ. ಅಪ್ಪ ಮಗಳು ಕನ್ನಡಿ ಹೊತ್ತು ಹೊರಟರು, ಮಾತೆಲ್ಲ ಅದೇ ಭಾಷೆಯಲ್ಲಿ.

"ಎಡಕ್ಕೆ."

"ಮೂಲೆ ನೋಡು."

"ನೋಡ್ದೆ. ಮೆಲ್ಲಗೆ."

ಗಾಡಿಯ ಹತ್ತಿರ, ಇಳಿಸುವ ಮುಂಚೆ, ಯಾವಾಗಲೂ ಹೇಳುವಂತೆ ಕಿಡಿ ಹೇಳಿದಳು: "ಉಸಿರು ಬಿಡು... ಇಳಿಸು."

ತಿರುಗಿ ನೋಡಿದರೆ ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದಳು. ನಗುತ್ತಲೇ ಮಗನಿಗೆ ಉದ್ದಕ್ಕೆ ಏನೋ ಹೇಳಿದಳು. ಅಪ್ಪ ಬಿಡಿಸಿ ಹೇಳಿದ. ಆ ವರ್ಷದಲ್ಲೇ ಅವನಾಡಿದ ಅತಿ ಉದ್ದದ ಮಾತು ಅದು.

"ಉಸಿರು ಬಿಡು ಅನ್ನೋದು ಬೇರೆ ಯಾವ ಅಂಗಡೀಲೂ ಇಲ್ವಂತೆ. ಚಿಕ್ಕೋನಿದ್ದಾಗ ನಾನು ಹೆದರಿ ಉಸಿರು ಕಟ್ಟಿ ಹಿಡೀತಿದ್ನಂತೆ. ಅದಕ್ಕೆ ನಮ್ಮಮ್ಮನೇ ಹಾಗೆ ಹೇಳೋಕೆ ಶುರು ಮಾಡಿದ್ದಂತೆ."

ಅಜ್ಜಿ ಒಳಗೆ ಬಂದು ಉಣ್ಣೆಬಟ್ಟೆ ಹಾಸಿದ ಮೇಜಿನ ಮೇಲೆ ಒಂದು ಕಿಟಕಿಗಾಜು ಇಟ್ಟಳು. ಸೊಂಟದ ಚೀಲದಿಂದ ಕಟರು ತೆಗೆದು, ಸೀಮೆಎಣ್ಣೆಗೆ ಅದ್ದಿ, ಕಿಡಿಯ ಕಡೆ ಚಾಚಿದಳು.

"ಎಳಿ."

ಆ ಪದ ಕಿಡಿಗೆ ಗೊತ್ತಿತ್ತು. ಒಂದೇ ಉಸಿರಿಗೆ ಗೆರೆ ಎಳೆದಳು. ಸರ್ರೆಂದು ಒಂದೇ ಸಮ ಸದ್ದು. ಗೆರೆಯನ್ನು ಮೇಜಿನ ಅಂಚಿಗೆ ತಂದು ಒತ್ತಿದಳು. ಗಾಜು ಬಿಸ್ಕತ್ತಿನಂತೆ ಎರಡಾಯಿತು. ಕಟರನ್ನು ಒರೆಸಿ ವಾಪಸು ಕೊಡಹೋದರೆ ಅಜ್ಜಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಕಿಡಿ ಉಸಿರು ಕಟ್ಟಿ ಕಟರನ್ನು ಎದೆಗೊತ್ತಿಕೊಂಡಳು.

"ಉಸಿರು ಬಿಡು," ಎಂದಳು ಅಜ್ಜಿ.

"ಅಜ್ಜೀ, ಇಷ್ಟೊತ್ತೂ ಉತ್ತರ ಕೊಟ್ಟಿದ್ದು ನಾನು!" ಪಂಡಿತ ಎರಡೂ ಭಾಷೆಯಲ್ಲಿ ಗೋಗರೆದ. ಒಂದರಲ್ಲೂ ನಡೆಯಲಿಲ್ಲ.

ಆಮೇಲೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಕಿಡಿಗೆ ಯಾವ ಅಳುಕೂ ಇರಲಿಲ್ಲ. ಸಾರಿನ ಪಾತ್ರೆಗೆ "ಎತ್ತು", ಉಪ್ಪಿನ ಡಬ್ಬಿಗೆ "ಎಡಕ್ಕೆ". ಅಜ್ಜಿಯೂ ಬಿಡುವವಳಲ್ಲ, ನೀರಿಗೆ ತನ್ನ ಪದ ಹೇಳಿಸಿದ ಮೇಲೆಯೇ ನೀರು ಕೊಟ್ಟಳು. ಹೀಗೆ ಉಪ್ಪಿಗೂ ಒಂದು ಪದ ಬಂತು, ಹೊಟ್ಟೆಗೂ ಒಂದು.

"ಇದೇನ್ರೀ, ಊಟ ಮಾಡ್ತಿದ್ದಾರೋ ಗಾಜು ಸಾಗಿಸ್ತಿದ್ದಾರೋ?" ಎಂದಳು ಅಮ್ಮ.

ಅಪ್ಪ ಅದನ್ನು ತಾಯಿಗೆ ಹೇಳಿದ. ಅಜ್ಜಿ ನಕ್ಕೂ ನಕ್ಕೂ ತುತ್ತು ನೆತ್ತಿಗೇರಿ ಕೆಮ್ಮತೊಡಗಿದಳು. ಕಿಡಿ ಒಂದು ಕೈಯಲ್ಲಿ ಕಟರನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅಜ್ಜಿಯ ಬೆನ್ನು ತಟ್ಟಿದಳು.

"ಉಸಿರು ಬಿಡು ಅಜ್ಜಿ, ಮೆಲ್ಲಗೆ... ಹಾಂ, ಇಳಿಸು."