ಲಾಭ, ಎರಡು, ಮೂರು

ನಮ್ಮ ಕಡೆ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಇರಕಲ್ಲಗಡದ ನಮ್ಮ ಅಂಗಡಿಯಲ್ಲಿ ಅಪ್ಪ ಹೀಗೆ ಅಳೆಯುವಾಗಲೆಲ್ಲ ನನ್ನ ತಮ್ಮ ಹಂಪಣ್ಣ ಮೂಗು ಮುರಿಯುತ್ತಿದ್ದ. "ಒಂದಕ್ಕ ಒಂದು ಅನ್ನಾಕ ನಿಮಗೇನು ಧಾಡಿ?" ಎನ್ನುತ್ತಿದ್ದ. ಅಪ್ಪ ಅವನ ತಲೆಗೊಂದು ಮೊಟಕಿ ಅಳತೆ ಮುಂದುವರಿಸುತ್ತಿದ್ದರು. ಗಂಡ ಸತ್ತು ತವರಿಗೆ ಬಂದು ಅಂಗಡಿ ನೋಡಿಕೊಳ್ಳುತ್ತಿದ್ದ ನನಗೆ, ಅವನ ಆ ಸೊಕ್ಕು ಕಂಡರೆ ಹೆಮ್ಮೆಯೇ.

ಅವನು ಹೈದರಾಬಾದಿಗೆ ಹೋದದ್ದು ಅರ್ಥಶಾಸ್ತ್ರ ಓದಲು. ದರ ಯಾಕೆ ಏರುತ್ತದೆ, ಕಾಳು ಇದ್ದೂ ಜನ ಯಾಕೆ ಹಸಿದಿರುತ್ತಾರೆ, ಇದೆಲ್ಲ ಅವನಿಗೆ ತಿಳಿಯಬೇಕಿತ್ತು. ಅಲ್ಲಿಯ ಪ್ರೊಫೆಸರರು ಮೊದಲು ಗಣಿತ ಪಾಸು ಮಾಡು ಎಂದರಂತೆ. ಗಣಿತವೇ ಬುನಾದಿ, ಅದಿಲ್ಲದೆ ಮೇಲೆ ಗೋಡೆ ಏಳುವುದಿಲ್ಲ ಎಂದರಂತೆ. ಮೊದಲ ವರ್ಷ ಅತ್ತುಕೊಂಡೇ ಓದಿದ. ಆಮೇಲೆ ಆ ಗಣಿತ ಅವನ ತಲೆಗೆ ಹೊಕ್ಕಿತು ನೋಡಿ, ಮತ್ತೆ ಹೊರಗೆ ಬರಲಿಲ್ಲ.

೧೯೪೩ರ ಬೇಸಿಗೆಯಲ್ಲಿ ಪರೀಕ್ಷೆ ಬರೆದು ಊರಿಗೆ ಬಂದ. ಗಣಿತ ಪಾಸಾದರೆ ಅರ್ಥಶಾಸ್ತ್ರದ ತರಗತಿಗೆ ಸೇರಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ. ಫಲಿತಾಂಶಕ್ಕೆ ಕಾಯುತ್ತ ಅಂಗಡಿಯ ನೆಲದ ತುಂಬ ಸುಣ್ಣದ ತುಂಡಿನಿಂದ ಸೊಟ್ಟ ಗೆರೆ ಎಳೆಯುತ್ತಿದ್ದ.

"ಈ ಗೆರಿ ದರ, ಈ ಗೆರಿ ಮಾಲು. ಎರಡೂ ಎಲ್ಲಿ ಕೂಡ್ತಾವೋ ಅಲ್ಲಿ ಪ್ಯಾಟಿ ನಿಲ್ಲತೈತಿ ಅಕ್ಕಾ."

"ಪ್ಯಾಟಿ ನಿಲ್ಲಲಿ, ನೀ ಮೊದಲು ಏಳು. ಕಸ ಹೊಡೀಬೇಕು," ಎಂದು ನಾನು ಅವನ ಗೆರೆಗಳನ್ನೆಲ್ಲ ಗುಡಿಸಿ ಹಾಕುತ್ತಿದ್ದೆ.

ಅದು ಯುದ್ಧದ ಕಾಲ. ಬಂಗಾಲದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಬೀಳುತ್ತಿದ್ದಾರೆಂಬ ಸುದ್ದಿ ನಮ್ಮ ಅಂಗಡಿಯ ಕಟ್ಟೆಗೂ ಬಂದಿತ್ತು. ತಮ್ಮ ಅದನ್ನೇ ಮನಸ್ಸಿಗೆ ಹಚ್ಚಿಕೊಂಡ. ನಮ್ಮಲ್ಲಿ ರೈತರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಾರೆ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಗಡಿಗೆಯಂಥ ಹೊಟ್ಟೆ. ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಮುಗಿಯಿತು. ನಿನ್ನ ಹಗೇವಿನಲ್ಲಿ ಎಷ್ಟಿದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ಹೇಳಿದರೆ ಕಾಳಿಗೆ ಕಣ್ಣು ತಾಗುತ್ತದೆ.

"ಕೇಳಬಾರದು ಅಂದ್ರ ಬಿಡ್ರಿ, ನಾ ಅಳೀತೀನಿ," ಎಂದ ಹಂಪಣ್ಣ. "ಊರಾಗ ಎಷ್ಟು ಕಾಳು ಐತಿ ಅಂತ ಗೊತ್ತಿದ್ರ ಯಾರೂ ಉಪವಾಸ ಸಾಯಂಗಿಲ್ಲ."

ನಮ್ಮ ಮನೆಯ ಹಿಂದಿನ ಓಣಿಯ ಕಳಕಪ್ಪಣ್ಣನ ಹಗೇವು ಆಗ ಖಾಲಿಯಿತ್ತು. ಕಳಕಪ್ಪಣ್ಣ ಒಂದು ಹಗಲು, ಒಂದು ರಾತ್ರಿ ಅದರ ಬಾಯಿ ತೆರೆದಿಟ್ಟ. ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಟ್ಟು, ಅದು ನಿಶ್ಚಿಂತೆಯಿಂದ ಉರಿದದ್ದನ್ನು ನೋಡಿದ ಮೇಲೆಯೇ ತಮ್ಮನನ್ನು ಇಳಿಸಿದ. ದೀಪ ಆರಿದರೆ ಇಳಿಯಬಾರದು. ಹಗೇವಿನ ಕೆಟ್ಟ ಗಾಳಿ ಮನುಷ್ಯನನ್ನು ಕೂಗಲೂ ಬಿಡುವುದಿಲ್ಲ. ಹಂಪಣ್ಣ ಕೆಳಗೆ ಹೊಟ್ಟೆಯ ಅಗಲವನ್ನು ಅಲ್ಲಲ್ಲಿ ಅಳೆದುಕೊಂಡು ಮೇಲೆ ಬಂದ. ನಾಲ್ಕು ದಿನ ಊಟ ನಿದ್ದೆ ಬಿಟ್ಟು ಕೂತು ಒಂದು ಸೂತ್ರ ಕಟ್ಟಿದ. ಬಾಯಿಯ ಅಗಲ, ಒಳಗಿನ ಆಳ, ಇವೆರಡು ಹೇಳಿದರೆ ಯಾವ ಹಗೇವಿಗೆ ಎಷ್ಟು ಚೀಲ ಎಂದು ಹೇಳಿಬಿಡುತ್ತಿದ್ದ. ನನಗೆ ಮಾತ್ರ ಅದು ಸೇರಲಿಲ್ಲ. ಮುಚ್ಚಿದ್ದು ಮುಚ್ಚಿಯೇ ಇದ್ದರೆ ಒಳ್ಳೆಯದು ಎಂಬ ಜಾತಿಯವಳು ನಾನು.

ಅಷ್ಟರಲ್ಲಿ ಲೇವಿ ವಸೂಲಿಗೆಂದು ಒಬ್ಬ ಅಮೀನ ಬಂದ. ಸರಕಾರಕ್ಕೆ ರೈತರ ಕಾಳು ಎತ್ತುವ ಕೆಲಸ ಅವನದು. ಅಂಗಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ತಮ್ಮ ನೆಲದ ಮೇಲೆ ಬರೆದಿದ್ದ ಹಗೇವಿನ ಲೆಕ್ಕ ನೋಡಿದ.

"ಇದೇನ್ರಿ ಹಂಪಣ್ಣಾರ?"

ಹೇಳಬೇಡವೆಂದು ನಾನು ಒಳಗಿನಿಂದ ಕಣ್ಸನ್ನೆ ಮಾಡಿದೆ. ತಮ್ಮ ನನ್ನ ಕಡೆ ನೋಡಿದ್ದರಲ್ಲವೇ? ಓದಿದವರಿಗೆ ಕೇಳುವವರೊಬ್ಬರು ಸಿಕ್ಕರೆ ಸಾಕು, ಮೈಮರೆಯುತ್ತಾರೆ. ಸೂತ್ರವನ್ನೆಲ್ಲ ಬಿಡಿಸಿ ಹೇಳಿದ.

"ವಾಹ್! ಹಿಸಾಬು ಅಂದ್ರ ಇದು," ಎಂದ ಅಮೀನ. ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮುಂಗಾರಿನ ಮಿರಗದ ಮಳೆ ಬಿದ್ದ ಮಾರನೆಯ ದಿನ ಬಂಡಿ, ಜವಾನರನ್ನು ಕಟ್ಟಿಕೊಂಡು ಬಂದವನು ಮೊದಲು ನಿಂತದ್ದೇ ಕಳಕಪ್ಪಣ್ಣನ ಹಗೇವಿನ ಮುಂದೆ. ಆ ಹೊತ್ತಿಗೆ ಅವನು ಅದರಲ್ಲಿ ಹೊಸ ಜೋಳ ಹಾಕಿ ಮುಚ್ಚಿದ್ದ. ತೇವ ಹೊಕ್ಕು ಕಾಳು ಕೆಡುತ್ತದೆಂದು, ಮಳೆ ಬಿದ್ದ ಮೇಲೆ ಹಗೇವು ತೆಗೆಯುವವರು ಊರಲ್ಲಿ ಯಾರೂ ಇಲ್ಲ. ಇವನು ತೆಗೆಸಿದ. ಒಳಗಿನಿಂದ ಬೆಚ್ಚಗಿನ ಹುಳಿ ವಾಸನೆ ಬಂತು.

ಸೂತ್ರದಂತೆ ಇಷ್ಟು ಚೀಲ ಇರಬೇಕು, ಅದರಲ್ಲಿ ಇಷ್ಟು ಕೊಡು ಎಂದ ಅಮೀನ. ಕಳಕಪ್ಪಣ್ಣ ಕೈಮುಗಿದ.

"ಅರ್ಧ ಸುದ್ದಾ ತುಂಬಿಲ್ರಿ ಸಾಹೇಬ್ರ. ಅಷ್ಟು ಕೊಟ್ರ ಮನ್ಯಾಗ ಮುಂದಿನ ಸುಗ್ಗಿತನಾ ಏನ್ ಉಣ್ಣೂದ್ರಿ?"

ಆಗ ತಮ್ಮನಿಗೆ ತನ್ನ ತಪ್ಪು ಹೊಳೆಯಿತು. ಅವನು ಅಳೆದದ್ದು ಹಗೇವಿನ ಹೊಟ್ಟೆಯನ್ನು. ಅದರಲ್ಲಿ ಎಷ್ಟು ತುಂಬಿದ್ದಾರೆಂದು ಊರಿನ ರೀತಿಯಂತೆ ಅವನೂ ಕೇಳಿರಲಿಲ್ಲ. ಅವಸರವಸರವಾಗಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟ. ಕಲ್ಲು ಆಳಕ್ಕೆ ಹೋಗಿ ಕಾಳು ಮುಟ್ಟಿತು.

"ನೋಡ್ರಿ ಸಾಹೇಬ್ರ, ಅರ್ಧಕ್ಕಿಂತ ಕೆಳಗ ಐತಿ!"

"ನಡುವ ತಗ್ಗು ಮಾಡಿ ಸುತ್ತ ಒಟ್ಟ್ಯಾನ," ಎಂದ ಅಮೀನ. "ಇವನ ಆಟ ನನಗ ಗೊತ್ತಿಲ್ಲೇನು? ಏ ಕಳಕಪ್ಪಾ, ಇಳಿದು ತೋರಿಸು. ಇಲ್ಲಾ, ಕೊಪ್ಪಳದ ಠಾಣೆಗೆ ನಡಿ."

ಕಳಕಪ್ಪಣ್ಣ ದೀಪ ಇಳಿಬಿಟ್ಟ. ಅದು ಬಾಯಿ ದಾಟಿ ಸ್ವಲ್ಪ ದೂರ ಹೋಗಿದ್ದೇ ತಡ, ಪುಕ್ಕನೆ ಆರಿತು. ಮತ್ತೆ ಹಚ್ಚಿ ಬಿಟ್ಟ, ಮತ್ತೆ ಆರಿತು.

"ನಾಳೆತನಾ ತಡೀರಿ. ಗಾಳಿ ಆಡ್ಲಿ," ಎಂದು ನಮ್ಮಪ್ಪ ಬೇಡಿಕೊಂಡರು. ಅಮೀನನಿಗೆ ಬಂಡಿ ಸಂಜೆಯೊಳಗೆ ಹೊರಡಬೇಕಿತ್ತು. ರಾತ್ರಿಯಲ್ಲಿ ನೀವು ಕಾಳು ಸಾಗಿಸುತ್ತೀರಿ ಎಂದು ಬೈದ. ಅವನ ನಾಲಿಗೆ ಸೇದಿ ಹೋಗಬಾರದೇ ಎಂದು ನಾನು ಆವತ್ತು ಶಪಿಸಿದ್ದೆ, ಇವತ್ತಿಗೂ ಶಪಿಸುತ್ತೇನೆ.

ಕಳಕಪ್ಪಣ್ಣ ಧೋತರದ ಕಚ್ಚೆ ಬಿಗಿದ. ತಮ್ಮ ಅವನ ಕೈಯಿಂದ ಹಗ್ಗ ಕಸಿದುಕೊಂಡ.

"ನೀ ಇಳೀಬ್ಯಾಡ ಯಣ್ಣಾ. ಲೆಕ್ಕ ನಂದು."

"ಹಂಪಾ, ಬ್ಯಾಡೋ!" ಎಂದು ನಾನು ಕಿರುಚಿದೆ, ಅವನ ಅಂಗಿ ಹಿಡಿದು ಜಗ್ಗಿದೆ.

"ಉಸಿರು ಹಿಡಕೊಂಡು ಹೋಗಿ ಬರ್ತೀನಿ ಅಕ್ಕಾ. ಗ್ವಾಡಿ ಕಡೆ ಕೈಯಾಡ್ಸಿ ನೋಡಿದ್ರಾತು," ಎಂದು ನಕ್ಕ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೇಬಿಟ್ಟ.

ಒಳಗಿನಿಂದ ಒಮ್ಮೆ, "ಇಲ್ಲಿ ಏನೂ ಇಲ್ಲ" ಎಂಬ ಮಾತು ಬಂತು. ಉಸಿರು ಹಿಡಿದವನು ಮಾತಾಡಬಾರದಿತ್ತು. ಆಮೇಲೆ ಹಗ್ಗ ಭಾರವಾಯಿತು. ಅಪ್ಪ, ಕಳಕಪ್ಪಣ್ಣ, ನಾನು, ಮೂವರೂ ಜಗ್ಗಿದೆವು. ಬಾಯಿಯ ಹತ್ತಿರ ಅವನ ಹೆಗಲು ಸಿಕ್ಕಿಕೊಂಡಿತು. ಬಿಡಿಸಿ ಎಳೆಯುವ ಹೊತ್ತಿಗೆ ಅವನ ಮುಖ ನೀಲಿಯಾಗಿತ್ತು. ಮಣ್ಣಿನ ಮೇಲೆ ಮಲಗಿಸಿ ಎದೆ ತಿಕ್ಕಿದೆವು, ನೀರು ಹೊಡೆದೆವು. ಬಹಳ ಹೊತ್ತಿನ ಮೇಲೆ ಉಸಿರು ಬಂತು. ಅಮೀನ ಅಷ್ಟರಲ್ಲಿ ಸೂತ್ರದ ಲೆಕ್ಕದಂತೆಯೇ ಬರೆದುಕೊಂಡು ಮುಂದಿನ ಓಣಿಗೆ ಹೋಗಿದ್ದ.

ಹಂಪಣ್ಣ ಬದುಕಿದ. ಉಣ್ಣುತ್ತಾನೆ, ನಡೆಯುತ್ತಾನೆ, ನನ್ನನ್ನು ಅಕ್ಕಾ ಎಂದು ಕರೆಯುತ್ತಾನೆ. ಸುಣ್ಣದ ತುಂಡು ಕೈಗೆ ಕೊಟ್ಟರೆ ಮಾತ್ರ ತಿರುಗಿಸಿ ನೋಡಿ ಕೆಳಗಿಡುತ್ತಾನೆ. ಮಳೆಗಾಲದ ನಡುವೆ ಕೊಪ್ಪಳಕ್ಕೆ ಹೋಗಿದ್ದ ನಮ್ಮೂರ ಮದಾರಸಾಬ ಸುದ್ದಿ ತಂದ. ಗಣಿತದಲ್ಲಿ ನಿಮ್ಮ ಹುಡುಗನೇ ಮೊದಲಿಗ, ಅರ್ಥಶಾಸ್ತ್ರಕ್ಕೆ ಬಾ ಎಂದಿದ್ದಾರೆ ಎಂದ. ಅಪ್ಪ ಗೋಡೆಗೆ ಮುಖ ಮಾಡಿ ಅತ್ತರು. ಹಂಪಣ್ಣ ಮದಾರಸಾಬನಿಗೆ ಕೂಡಲು ಚೀಲ ಹಾಸಿಕೊಟ್ಟ.

ಆವತ್ತೇ ನಮ್ಮ ಓಣಿಯ ಮುದಕಮ್ಮ ಮೂರು ಸೇರು ಜೋಳಕ್ಕೆ ಬಂದಳು. ನಾನು ಒಲೆಯ ಮುಂದಿದ್ದೆ, ತಮ್ಮನೇ ಅಳೆಯಲು ಎದ್ದ. ಅವಳು ಸೆರಗೊಡ್ಡಿದಳು.

"ಲಾಭ," ಎಂದು ಒಂದು ಸೇರು ಸುರಿದ. ಎರಡನೆಯದನ್ನು ತುಂಬಿ ತಲೆ ಸವರಿ ಕೈಯಲ್ಲಿ ಹಿಡಿದು ನಿಂತ. ಏನನ್ನೋ ಹುಡುಕುವವನಂತೆ ನನ್ನ ಕಡೆ ನೋಡಿದ.

"ಲಾಭ," ಎಂದು ಸುರಿದ. ಮತ್ತೆ ತುಂಬಿದ. "ಲಾಭ."

ಮತ್ತೂ ತುಂಬುತ್ತಲೇ ಇದ್ದ. ಮುದಕಮ್ಮ ಸಾಕೆನ್ನಲಿಲ್ಲ. ಸೆರಗು ತುಂಬಿ ಕಾಳು ನೆಲಕ್ಕೆ ಚೆಲ್ಲುವವರೆಗೂ ಹಿಡಿದು ನಿಂತಿದ್ದು, ಆಮೇಲೆ ಕೂತು ಹೆಚ್ಚಿನದನ್ನು ಬೊಗಸೆಯಿಂದ ಅಂಗಡಿಯ ಚೀಲಕ್ಕೇ ವಾಪಸು ಹಾಕತೊಡಗಿದಳು.